ಕುದುರೆ ಬಾಲದ ಲೆಕ್ಕ (ಭಾಗ 4)

ಕುದುರೆ ಬಾಲಕ್ಕೆ ದುಡ್ಡು ಕಟ್ಟಿದ ಅಂತೀವಲ್ಲ, ಆ ದುಡ್ಡು ಹೋಗೋದೆಲ್ಲಿಗೆ?

1860ರ ದಶಕ, ಪ್ಯಾರಿಸ್. ಬುಕ್ಕಿ ಹತ್ರ ಆಡಿದ್ರೆ ಅವನು ಹೇಳಿದ್ದೇ ದರ. ಜೋಸೆಫ್ ಒಲೆರ್ ಅನ್ನೋರು ಬೇರೆ ಪದ್ಧತಿ ತಂದ್ರು: ಎಲ್ಲರ ಹಣ ಒಂದೇ ರಾಶಿಗೆ, ಮೊದಲು ಕಮಿಷನ್ ಕಟ್, ಉಳಿದಿದ್ದು ಗೆದ್ದವರಿಗೆ ಹಂಚಿಕೆ. 1891ರಲ್ಲಿ ಫ್ರಾನ್ಸ್ ಇದಕ್ಕೆ ಕಾನೂನಿನ ಒಪ್ಪಿಗೆ ಕೊಡ್ತು. ಇವತ್ತಿನ ಟೋಟ್ ಕೌಂಟರ್ ನಡೆಯೋದೂ ಹೀಗೇ.

ಈಗ ನಮ್ಮ ಬಿಕಾಂ ಲೆಕ್ಕ. 100 ಜನ ತಲಾ 100 ರೂ. ಹಾಕಿದ್ರೆ 10,000. ಕಮಿಷನ್ ಶೇ 20 ಅಂದ್ಕೊಳ್ಳಿ, ಹಂಚೋಕೆ ಉಳಿಯೋದು 8,000. ಕುದುರೆ ಓಡೋ ಮೊದಲೇ ಎಲ್ಲರೂ ಸೇರಿ 2,000 ಸೋತಾಯ್ತು!

ಹಳೇ ಓಟ, ಹೊರೋ ಭಾರ, ಜಾಕಿ ಎಲ್ಲ ನೋಡಿ ಪ್ಲಾನ್ ಮಾಡ್ತೀರಾ? ಪಕ್ಕದೋನೂ ಅದನ್ನೇ ನೋಡಿರ್ತಾನೆ. ಅವನಿಗಿಂತ ಸ್ವಲ್ಪ ಜಾಸ್ತಿ ಗೊತ್ತಿದ್ರೆ ಸಾಲದು, ಆ ಕಮಿಷನ್ನೂ ಮೀರೋಷ್ಟು ಗೊತ್ತಿರಬೇಕು.

ಸೆಮಿಸ್ಟರ್ ಫೀಸ್ ದುಡ್ಡಲ್ಲಿ ಟ್ರೈ ಮಾಡಬೇಡ್ರೋ.