ವಾಯುಸರಕು ಉದ್ಯಮ ಮತ್ತು ಅಂತರರಾಷ್ಟ್ರೀಯ ಒಪ್ಪಂದಗಳು

ವಿಮಾನದಲ್ಲಿ ಸರಕು ಸಾಗಿಸುವ ಉದ್ಯಮವನ್ನು ಎರಡು ಬಗೆಯ ಒಪ್ಪಂದಗಳು ರೂಪಿಸಿವೆ. ಯಾವ ದೇಶದ ವಿಮಾನ ಎಲ್ಲಿಂದ ಎಲ್ಲಿಗೆ ಹಾರಬಹುದೆಂದು ವಾಯುಯಾನ ಒಪ್ಪಂದಗಳು ಹೇಳುತ್ತವೆ. ಅದರಲ್ಲಿ ಏನು ತುಂಬಿದರೆ ಗಿಟ್ಟುತ್ತದೆ ಎಂಬುದು ವ್ಯಾಪಾರ ಒಪ್ಪಂದಗಳ ಮೇಲೆ ನಿಂತಿದೆ. ಇವೆರಡೂ ಬೇರೆ ಬೇರೆ ಸಚಿವಾಲಯಗಳಲ್ಲಿ ಸಿದ್ಧವಾಗುವುದರಿಂದ ಒಂದಕ್ಕೊಂದು ತಾಳೆಯಾದದ್ದು ಕಡಿಮೆ.

ಮೊದಲು ಬಂದದ್ದು ಕಾಗದಪತ್ರದ ಒಪ್ಪಂದ. 1929ರ ವಾರ್ಸಾ ಒಡಂಬಡಿಕೆ ವಿಮಾನ ಸರಕಿನ ರವಾನೆ ಪತ್ರವಾದ ಏರ್ ವೇ ಬಿಲ್‌ಗೆ ಮೂರು ಮೂಲಪ್ರತಿ ಬೇಕೆಂದಿತು: ಒಂದು ಸಾಗಣೆದಾರನಿಗೆ, ಒಂದು ಸರಕಿನ ಜೊತೆಗೇ ಹೋಗಿ ಪಡೆಯುವವನ ಕೈಗೆ, ಮತ್ತೊಂದು ಕಳಿಸಿದವನಿಗೆ. ಸರಕು ಕಳೆದರೆ ಪರಿಹಾರವನ್ನು ತೂಕದ ಲೆಕ್ಕದಲ್ಲಿ ಕೊಡುವ ಪದ್ಧತಿಯೂ ಅಲ್ಲಿಂದಲೇ ಬಂತು. 1999ರ ಮಾಂಟ್ರಿಯಲ್ ಒಡಂಬಡಿಕೆ ಕಾಗದದ ಬದಲು ವಿದ್ಯುನ್ಮಾನ ದಾಖಲೆಗೂ ಅವಕಾಶ ಕೊಟ್ಟಿತು. ಭಾರತ ಅದನ್ನು ಸೇರಿದ್ದು 2009ರಲ್ಲಿ.

ಹಾರುವ ಹಕ್ಕಿನ ಪ್ರಶ್ನೆ 1944ರ ಡಿಸೆಂಬರಿನಲ್ಲಿ ಷಿಕಾಗೋದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ತೀರ್ಮಾನವಾಯಿತು, ಅಥವಾ ತೀರ್ಮಾನವಾಗದೆ ಉಳಿಯಿತು ಎನ್ನಬೇಕು. ತನ್ನ ಆಕಾಶದ ಮೇಲೆ ಆಯಾ ದೇಶಕ್ಕೇ ಪೂರ್ಣ ಅಧಿಕಾರ. ಅನುಮತಿಯಿಲ್ಲದೆ ನಿಗದಿತ ಅಂತರರಾಷ್ಟ್ರೀಯ ಸೇವೆ ನಡೆಸುವಂತಿಲ್ಲ. ಹೀಗಾಗಿ ದೇಶಗಳು ಇಬ್ಬಿಬ್ಬರಾಗಿ ಕುಳಿತು ಹಕ್ಕುಗಳನ್ನು ಹಂಚಿಕೊಳ್ಳತೊಡಗಿದವು. ಅಮೆರಿಕ ಮತ್ತು ಬ್ರಿಟನ್ 1946ರಲ್ಲಿ ಬರ್ಮುಡಾದಲ್ಲಿ ಮಾಡಿಕೊಂಡ ಒಪ್ಪಂದ ಅದಕ್ಕೆ ಮಾದರಿಯಾಯಿತು. ಈ ಏರ್ಪಾಡು ಪ್ರಯಾಣಿಕರಿಗೆ ಹೊಂದುತ್ತಿತ್ತು, ಸರಕಿಗಲ್ಲ. ಹೋದ ಪ್ರಯಾಣಿಕ ಸಾಮಾನ್ಯವಾಗಿ ಮರಳುತ್ತಾನೆ, ಹೋದ ಸರಕು ಮರಳುವುದಿಲ್ಲ. ಏಷ್ಯಾದಿಂದ ತುಂಬಿ ಹೊರಟ ಸರಕು ವಿಮಾನ ಬರಿಗೈಲಿ ಹಿಂದಿರುಗಬಾರದೆಂದರೆ ಮೂರನೆಯ, ನಾಲ್ಕನೆಯ ದೇಶವನ್ನು ಸುತ್ತಿ ಬರಬೇಕು. ಇಬ್ಬರ ನಡುವಿನ ಒಪ್ಪಂದದಲ್ಲಿ ಅದಕ್ಕೆ ಜಾಗ ಕಡಿಮೆಯಿತ್ತು.

ಸಡಿಲಿಕೆ ಶುರುವಾದದ್ದು ಅಮೆರಿಕದ ಒಳನಾಡಿನಲ್ಲಿ. 1973ರಲ್ಲಿ ಮೆಂಫಿಸ್‌ನಿಂದ ಹಾರಾಟ ಆರಂಭಿಸಿದ ಫೆಡರಲ್ ಎಕ್ಸ್‌ಪ್ರೆಸ್ ದೊಡ್ಡ ವಿಮಾನ ಬಳಸುವಂತಿರಲಿಲ್ಲ. 7,500 ಪೌಂಡ್‌ಗಿಂತ ಹೆಚ್ಚು ಹೊರುವ ವಿಮಾನವಾದರೆ ಪ್ರತ್ಯೇಕ ಮಾರ್ಗ ಪರವಾನಗಿ ಬೇಕಿತ್ತು. ಆದ್ದರಿಂದ ಅದು ಪುಟ್ಟ ಫಾಲ್ಕನ್ ಜೆಟ್‌ಗಳನ್ನೇ, ಕೆಲವೊಮ್ಮೆ ಒಂದೇ ಊರಿಗೆ ಒಂದರ ಹಿಂದೊಂದು ಕಳಿಸುತ್ತಿತ್ತು. 1977ರಲ್ಲಿ ಸರಕು ಸಾಗಣೆಯ ಮೇಲಿನ ನಿರ್ಬಂಧ ತೆರವಾಯಿತು. ಪ್ರಯಾಣಿಕ ಸೇವೆಗೆ ಅದೇ ಬಿಡುಗಡೆ ಸಿಕ್ಕಿದ್ದು ಮರುವರ್ಷ. ಸರಕಿನ ವಿಷಯದಲ್ಲಿ ಸರ್ಕಾರಗಳು ಮುಂಚಿತವಾಗಿ ಕೈಸಡಿಲಿಸುವುದು ಆಮೇಲೂ ಕಾಣುತ್ತದೆ. ಬಹುಶಃ ರಾಷ್ಟ್ರದ ಬಾವುಟ ಹೊತ್ತ ಪ್ರಯಾಣಿಕ ವಿಮಾನಕ್ಕಿರುವ ಪ್ರತಿಷ್ಠೆ ಪೆಟ್ಟಿಗೆಗಳಿಗೆ ಇಲ್ಲದ್ದೇ ಕಾರಣ.

ಹಕ್ಕುಗಳ ಬೆಲೆ ಎಷ್ಟೆಂದು ಇದೇ ಕಂಪನಿಯ ನಡೆಯಿಂದ ತಿಳಿಯುತ್ತದೆ. 1989ರಲ್ಲಿ ಅದು ಫ್ಲೈಯಿಂಗ್ ಟೈಗರ್ ಸಂಸ್ಥೆಯನ್ನು ಕೊಂಡದ್ದು ವಿಮಾನಗಳಿಗಿಂತ ಹೆಚ್ಚಾಗಿ ಜಪಾನ್ ಸೇರಿದಂತೆ ಏಷ್ಯಾದ ಮಾರ್ಗಗಳಿಗಾಗಿ. 1995ರಲ್ಲಿ ಫಿಲಿಪೀನ್ಸ್‌ನ ಸುಬಿಕ್ ಕೊಲ್ಲಿಯಲ್ಲಿ, ಅಮೆರಿಕದ ನೌಕಾಪಡೆ ಬಿಟ್ಟುಹೋದ ನೆಲೆಯಲ್ಲಿ, ಅದರ ಏಷ್ಯಾ ಕೇಂದ್ರ ತೆರೆಯಿತು. ಅಮೆರಿಕ ಮತ್ತು ಚೀನಾ 2004ರಲ್ಲಿ ಮಾಡಿಕೊಂಡ ವಾಯುಯಾನ ಒಪ್ಪಂದ ಸರಕು ಕಂಪನಿಗಳಿಗೆ ಚೀನಾದೊಳಗೇ ಕೇಂದ್ರ ಕಟ್ಟಲು ಬಿಟ್ಟಿತು. 2009ರಲ್ಲಿ ಕೇಂದ್ರ ಗುವಾಂಗ್‌ಝೌಗೆ ಹೋಯಿತು, ಸುಬಿಕ್ ಖಾಲಿಯಾಯಿತು.

ಭಾರತ 1990ರಲ್ಲಿ, ಆರ್ಥಿಕ ಉದಾರೀಕರಣಕ್ಕೂ ಮೊದಲೇ, ಸರಕಿಗೆ ಮುಕ್ತ ಆಕಾಶ ನೀತಿ ತಂದಿತು. ರಫ್ತುದಾರರಿಗೆ ವಿಮಾನದಲ್ಲಿ ಜಾಗ ಸಾಲದಿದ್ದುದು ಇದಕ್ಕೆ ಕಾರಣ. ತಾತ್ಕಾಲಿಕವೆಂದು ಬಂದ ನೀತಿ 1992ರಲ್ಲಿ ಕಾಯಂ ಆಯಿತು. ಯಾವ ದೇಶದ ಸರಕು ವಿಮಾನವಾದರೂ ಸುಂಕ ಕಚೇರಿಯಿರುವ ನಿಲ್ದಾಣಕ್ಕೆ ಬರಬಹುದಿತ್ತು, ದರವನ್ನು ತಾನೇ ನಿಗದಿ ಮಾಡಬಹುದಿತ್ತು. ರಫ್ತುದಾರರಿಗೆ ಅನುಕೂಲವಾಯಿತು. ದೇಶೀಯ ಕಂಪನಿಗಳು ಮಾತ್ರ ದೊಡ್ಡ ಸರಕು ವಿಮಾನಗಳ ಬಳಗ ಕಟ್ಟಲಿಲ್ಲ, ಕ್ಷೇತ್ರ ಬಹುಮಟ್ಟಿಗೆ ವಿದೇಶಿಯರದಾಯಿತು. 2020ರಲ್ಲಿ ಸರ್ಕಾರ ಹಗ್ಗ ಬಿಗಿದು, ವಿದೇಶಿ ಕಂಪನಿಗಳ ನಿಗದಿತವಲ್ಲದ ಸರಕು ಹಾರಾಟಗಳನ್ನು ಬೆಂಗಳೂರು, ಚೆನ್ನೈ, ದೆಹಲಿ, ಹೈದರಾಬಾದ್, ಕೋಲ್ಕತ್ತ, ಮುಂಬೈ ಈ ಆರು ನಿಲ್ದಾಣಗಳಿಗೆ ಸೀಮಿತಗೊಳಿಸಿತು. ಪ್ರಯಾಣಿಕ ವಿಮಾನದ ಕೆಳಅಂತಸ್ತಿನ ಬೆಲ್ಲಿ ಕಾರ್ಗೋ ಬೇರೆಯೇ ಲೆಕ್ಕ. ದ್ವಿಪಕ್ಷೀಯ ಒಪ್ಪಂದದಲ್ಲಿ ಎಷ್ಟು ಸೀಟು ಸಿಕ್ಕಿದೆಯೋ ಅದರ ಮೇಲೆ ಈ ಜಾಗವೂ ನಿಂತಿದೆ. ಫೆಬ್ರವರಿಯಲ್ಲಿ ಬೆಂಗಳೂರಿನಿಂದ ಹೊರಡುವ ಗುಲಾಬಿ ಪೆಟ್ಟಿಗೆಗಳಿಗೂ ಅದು ಅನ್ವಯಿಸುತ್ತದೆ.

ವ್ಯಾಪಾರ ಒಪ್ಪಂದಗಳ ಕಡೆ ನೋಡಿದರೆ, 1995ರಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಘಟನೆಯ ಸೇವಾ ಒಪ್ಪಂದ ಸಂಚಾರ ಹಕ್ಕುಗಳನ್ನು ಹೊರಗಿಟ್ಟಿತು. ವಿಮಾನ ದುರಸ್ತಿ, ಟಿಕೆಟ್ ಮಾರಾಟ, ಕಂಪ್ಯೂಟರ್ ಕಾಯ್ದಿರಿಸುವಿಕೆ ಮಾತ್ರ ಒಳಗೆ ಬಂದವು. ಹಾಗಿದ್ದೂ ಉದ್ಯಮಕ್ಕೆ ನಿಜವಾದ ಬಲ ಬಂದದ್ದು ವಿಮಾನದ ಹೆಸರೇ ಎತ್ತದ ಒಪ್ಪಂದದಿಂದ ಎನ್ನಬಹುದು. 1996ರ ಮಾಹಿತಿ ತಂತ್ರಜ್ಞಾನ ಒಪ್ಪಂದ ಕಂಪ್ಯೂಟರ್, ಚಿಪ್‌ಗಳ ಸುಂಕವನ್ನು ಸೊನ್ನೆಗಿಳಿಸಿತು. ಭಾರತ ಮರುವರ್ಷ ಸೇರಿತು. ತೂಕ ಕಡಿಮೆ, ಬೆಲೆ ಹೆಚ್ಚು, ಅವಸರ ಇನ್ನೂ ಹೆಚ್ಚು ಇರುವ ಇಂಥ ಸರಕೇ ವಿಮಾನಕ್ಕೆ ತಕ್ಕದ್ದು. 2017ರಲ್ಲಿ ಜಾರಿಯಾದ ವ್ಯಾಪಾರ ಸುಗಮೀಕರಣ ಒಪ್ಪಂದವಂತೂ ವಾಯುಸರಕು ಕೇಂದ್ರಗಳಿಗೆ ಬಂದ ಸರಕಿಗೆ ತ್ವರಿತ ಬಿಡುಗಡೆಯ ವ್ಯವಸ್ಥೆ ಇರಬೇಕೆಂದು ನೇರವಾಗಿಯೇ ಬರೆಯಿತು.

ಆ ಅವಸರಕ್ಕೆ ತಡೆಯೊಡ್ಡಲು ಸುಂಕದ ಒಂದು ಆದೇಶ ಸಾಕಾದದ್ದೂ ಉಂಟು. 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗೆ ಇದ್ದ ವಿನಾಯಿತಿಯನ್ನು ಅಮೆರಿಕ 2025ರ ಮೇ ತಿಂಗಳಲ್ಲಿ ಚೀನಾಕ್ಕೆ, ಆಗಸ್ಟ್ 29ರಿಂದ ಎಲ್ಲ ದೇಶಗಳಿಗೆ ತೆಗೆದುಹಾಕಿತು. ಸುಂಕ ವಸೂಲಿಯ ವ್ಯವಸ್ಥೆ ಸ್ಪಷ್ಟವಾಗದೆ ಭಾರತೀಯ ಅಂಚೆ ಆಗಸ್ಟ್ 25ರಿಂದ ಅಮೆರಿಕಕ್ಕೆ ಬಹುತೇಕ ಪಾರ್ಸೆಲ್‌ಗಳ ಸೇವೆಯನ್ನು ನಿಲ್ಲಿಸಿ, ಅಕ್ಟೋಬರ್ ಮಧ್ಯದಲ್ಲಿ ಮತ್ತೆ ಆರಂಭಿಸಿತು.