ಕಿಂದಿಯವರ ಪುಸ್ತಕಗಳು ಮರಳಿ ಬಂದ ಬಗೆ

ಅಬ್ಬಾಸಿಯರ ಕಾಲದ ಬಗ್ದಾದ್ ಎಂದೊಡನೆ ಬೀಜಗಣಿತ, ಖಗೋಳ ವಿಜ್ಞಾನ, ಗ್ರೀಕ್ ಗ್ರಂಥಗಳ ಅರಬಿ ಭಾಷಾಂತರಗಳು ನೆನಪಾಗುತ್ತವೆ. ಆ ಸಾಧನೆಯ ಬಗ್ಗೆ ನಾವು ಹೆಮ್ಮೆಯಿಂದ ಮಾತನಾಡುತ್ತೇವೆ. ಆದರೆ ಆ ವಿದ್ವಾಂಸರು ತಮ್ಮ ಸಹೋದ್ಯೋಗಿಗಳೊಂದಿಗೆ ಹೇಗೆ ನಡೆದುಕೊಂಡರು ಎಂದು ಕೇಳುವುದು ಕಡಿಮೆ.

ಮೂಸಾ ಬಿನ್ ಶಾಕಿರ್‌ರ ಮೂವರು ಪುತ್ರರಾದ ಮುಹಮ್ಮದ್, ಅಹ್ಮದ್ ಮತ್ತು ಹಸನ್ 'ಬನೂ ಮೂಸಾ' ಎಂದೇ ಪ್ರಸಿದ್ಧರು. ಗಣಿತ ಮತ್ತು ಯಂತ್ರವಿದ್ಯೆಯಲ್ಲಿ ಪರಿಣತರಾಗಿದ್ದ ಇವರು ಭಾಷಾಂತರಕ್ಕಾಗಿ ತಮ್ಮ ಹಣವನ್ನು ಧಾರಾಳವಾಗಿ ವೆಚ್ಚ ಮಾಡಿದರು. ಇವರ ಆಶ್ರಯದಲ್ಲಿ ಕೆಲಸ ಮಾಡಿದ ಹುನೈನ್ ಬಿನ್ ಇಸ್‌ಹಾಕ್ ಕ್ರೈಸ್ತರು. ಸಾಬಿತ್ ಬಿನ್ ಕುರ‍್ರಾ ಹರ‍್ರಾನಿನ ಸಾಬಿ ಪಂಥದವರು. ಧರ್ಮದ ಅಂತರ ಅಲ್ಲಿ ಅಡ್ಡಿಯಾಗಲಿಲ್ಲ.

ಅಡ್ಡಿಯಾದುದು ಅಸೂಯೆ. 13ನೇ ಶತಮಾನದ ವೈದ್ಯ ಇಬ್ನ್ ಅಬೀ ಉಸೈಬಿಅ ತಮ್ಮ ಗ್ರಂಥದಲ್ಲಿ ದಾಖಲಿಸಿರುವಂತೆ, ಮುಹಮ್ಮದ್ ಮತ್ತು ಅಹ್ಮದ್ ತಮಗೆ ಸರಿಸಮಾನರಾದ ವಿದ್ವಾಂಸರನ್ನು ಖಲೀಫ ಮುತವಕ್ಕಿಲ್‌ರ ಬಳಿ ಸುಳಿಯಗೊಡಲಿಲ್ಲ. ಗಣಿತಜ್ಞ ಸನದ್ ಬಿನ್ ಅಲಿಯವರನ್ನು ರಾಜಧಾನಿ ಸಾಮರ‍್ರಾದಿಂದ ದೂರವಿಟ್ಟರು. ತತ್ವಜ್ಞಾನಿ ಅಲ್‌ಕಿಂದಿಯವರ ಮೇಲೆ ಖಲೀಫರಿಗೆ ಕೋಪ ಬರುವಂತೆ ಮಾಡಿದರು. ಕಿಂದಿಯವರಿಗೆ ಹೊಡೆತ ಬಿತ್ತು, ಅವರ ಗ್ರಂಥಭಂಡಾರವೂ ಸಹೋದರರ ವಶವಾಯಿತು.

ಮುಂದೆ ಮುತವಕ್ಕಿಲ್ ತಮ್ಮ ಹೊಸ ನಗರಕ್ಕೆ ಕಾಲುವೆ ತೋಡುವ ಹೊಣೆಯನ್ನು ಈ ಸಹೋದರರಿಗೆ ವಹಿಸಿದರು. ಅವರು ಅದನ್ನು ಅಲ್ ಫರ್ಗಾನಿಯವರಿಗೆ ಒಪ್ಪಿಸಿದರು. ಫರ್ಗಾನಿ ದೊಡ್ಡ ಖಗೋಳಶಾಸ್ತ್ರಜ್ಞರೇ, ಆದರೆ ಲೆಕ್ಕ ತಪ್ಪಿತು. ಕಾಲುವೆಯ ಬಾಯಿ ಉಳಿದ ಭಾಗಕ್ಕಿಂತ ಆಳವಾಯಿತು. ನದಿ ತುಂಬಿದಾಗ ಮಾತ್ರ ನೀರು ಮುಂದೆ ಹರಿಯುವ ಸ್ಥಿತಿ. ದೂರು ಖಲೀಫರ ಕಿವಿಗೆ ಬಿತ್ತು. ತಪ್ಪು ನಿಜವಾದರೆ ಸಹೋದರರನ್ನು ಕಾಲುವೆಯ ದಡದಲ್ಲೇ ಶೂಲಕ್ಕೇರಿಸುವುದಾಗಿ ಅವರು ಆಣೆಯಿಟ್ಟರು. ಪರಿಶೀಲನೆಗೆ ಕರೆಸಿದ್ದು ಯಾರನ್ನು? ಅದೇ ಸನದ್‌ರನ್ನು.

ಪ್ರಾಣಭಿಕ್ಷೆ ಬೇಡಿದ ಸಹೋದರರ ಮುಂದೆ ಸನದ್ ಒಂದೇ ಷರತ್ತು ಇಟ್ಟರು: ಮೊದಲು ಕಿಂದಿಯವರ ಪುಸ್ತಕಗಳನ್ನು ಹಿಂತಿರುಗಿಸಬೇಕು. ವಿಶೇಷವೆಂದರೆ, ಸನದ್ ಮತ್ತು ಕಿಂದಿಯವರಿಗೂ ಪರಸ್ಪರ ಆಗುತ್ತಿರಲಿಲ್ಲ. ಹಾಗಿದ್ದರೂ ನ್ಯಾಯ ನ್ಯಾಯವೇ ಎಂಬುದು ಅವರ ನಿಲುವು. ಪುಸ್ತಕಗಳು ಮರಳಿದವು. ಎಲ್ಲವೂ ತಲುಪಿದ್ದಕ್ಕೆ ಕಿಂದಿಯವರ ಕೈಬರಹದ ರಸೀದಿಯೂ ಬಂತು. ಆಗ ಸನದ್, ಕಾಲುವೆಯಲ್ಲಿ ದೋಷವಿಲ್ಲವೆಂದು ವರದಿ ಒಪ್ಪಿಸಿದರು. ನದಿ ಏರುತ್ತಿದ್ದುದರಿಂದ ತಪ್ಪು ಕೆಲವು ತಿಂಗಳು ಕಾಣುವಂತಿರಲಿಲ್ಲ. ಅಷ್ಟರಲ್ಲಿ, ಕ್ರಿ.ಶ. 861ರಲ್ಲಿ, ಮುತವಕ್ಕಿಲ್ ಹತ್ಯೆಯಾದರು.

ಸನದ್ ಕೊಟ್ಟ ಸುಳ್ಳು ವರದಿಯನ್ನು ಸಮರ್ಥಿಸಬೇಕಾಗಿಲ್ಲ. ಗಮನಿಸಬೇಕಾದದ್ದು ಅವರ ಷರತ್ತನ್ನು. ತಮಗಾದ ಅನ್ಯಾಯಕ್ಕೆ ಅವರು ಪರಿಹಾರ ಕೇಳಲಿಲ್ಲ; ತಮಗಾಗದವನಿಗೆ ಆದ ಅನ್ಯಾಯವನ್ನು ಸರಿಪಡಿಸಿದರು. ಜತೆಗೆ ಕೆಲಸ ಮಾಡುವವರೆಲ್ಲ ಸ್ನೇಹಿತರಾಗಲೇಬೇಕೆಂದಿಲ್ಲ. ಆದರೆ ನಮಗೆ ಹಿಡಿಸದ ಸಹೋದ್ಯೋಗಿಯ ಹಕ್ಕನ್ನು, ಅವನ ಬೆನ್ನ ಹಿಂದೆಯೂ ಕಾಯಬಲ್ಲೆವೇ? ದ್ವೇಷವಿದ್ದಲ್ಲಿಯೂ ನ್ಯಾಯ ಕೈಬಿಡಬಾರದೆಂದು ಕುರ್‌ಆನ್ ಕಲಿಸಿದ್ದು ಇದನ್ನೇ. ಆ ಪಾಠದ ಪರೀಕ್ಷೆ ನಡೆಯುವುದು ಮಸೀದಿಯಲ್ಲಿ ಮಾತ್ರವಲ್ಲ, ದಿನವೂ ಕೆಲಸ ಮಾಡುವ ಜಾಗದಲ್ಲಿ.