ರಕ್ತಪಿಶಾಚಿಯ ಕಥೆಗಳಲ್ಲಿ ಸ್ತ್ರೀ

ಇಂಗ್ಲಿಷಿನ ರಕ್ತಪಿಶಾಚಿಯ ಕಥೆಗಳನ್ನು ನಾವು ರೋಮಾಂಚನಕ್ಕಾಗಿಯೇ ಓದುವುದುಂಟು. ಅವುಗಳಲ್ಲಿ ಸ್ತ್ರೀಪಾತ್ರ ಬೆಳೆದುಬಂದ ಬಗೆಯೂ ವಿಚಾರಾರ್ಹವಾದುದು. 1819ರಲ್ಲಿ ಪ್ರಕಟವಾದ ಪಾಲಿಡೋರಿಯ ಕಥೆಯಲ್ಲಿ ಸ್ತ್ರೀಯರು ಬರಿಯ ಬಲಿಗಳು. ಲೆ ಫ್ಯಾನುವಿನ ‘ಕಾರ್ಮಿಲ್ಲ’ದಲ್ಲಿ (1872) ಪಿಶಾಚಿಯೂ ಸ್ತ್ರೀ, ಕಥೆಯನ್ನು ಹೇಳುವವಳೂ ಸ್ತ್ರೀ.

1897ರಲ್ಲಿ ಹೊರಬಂದ ಸ್ಟೋಕರನ ‘ಡ್ರಾಕುಲಾ’ದಲ್ಲಿ ಲೂಸಿಯು ಪಿಶಾಚಿಯಾಗಿ, ತನ್ನನ್ನು ವರಿಸಬೇಕಾಗಿದ್ದವನ ಕೈಯಿಂದಲೇ ಹತಳಾಗುತ್ತಾಳೆ. ಮೀನಾಳ ರೀತಿಯೇ ಬೇರೆ. ಶೀಘ್ರಲಿಪಿಯನ್ನೂ ಬೆರಳಚ್ಚನ್ನೂ ಬಲ್ಲ ಆಕೆ ಎಲ್ಲರ ದಿನಚರಿಗಳನ್ನು ಕ್ರಮವಾಗಿ ಜೋಡಿಸಿ ಶತ್ರುವಿನ ಸ್ವರೂಪವನ್ನು ಬಯಲುಮಾಡುತ್ತಾಳೆ. ಆದರೂ ಪುರುಷರು ಕನಿಕರದಿಂದ ಆಕೆಯನ್ನು ತಮ್ಮ ಮಂತ್ರಾಲೋಚನೆಯಿಂದ ದೂರವಿಡುತ್ತಾರೆ. ಡ್ರಾಕುಲಾ ಆಕೆಯ ಮೇಲೆರಗುವುದು ಆ ದಿನಗಳಲ್ಲಿಯೇ! ಆಕೆಯನ್ನು ಮರಳಿ ಸೇರಿಸಿಕೊಂಡ ಮೇಲೆಯೇ ಅವರಿಗೆ ಜಯ.

ರಕ್ಷಣೆಯ ಹೆಸರಿನಲ್ಲಿ ಸ್ತ್ರೀಯನ್ನು ಅಜ್ಞಾನದಲ್ಲಿಟ್ಟರೆ ಆಕೆಗೂ ಕ್ಷೇಮವಿಲ್ಲ, ರಕ್ಷಕರಿಗೂ ಇಲ್ಲವೆಂಬುದನ್ನು ನಾವು ಈ ಕಥೆಯಿಂದ ಗ್ರಹಿಸಬಹುದು.